ಥಾಮಸ್ ಗ್ರಹಾಂ

ಡಯಾಲಿಸಿಸ್ ಎಂಬ ಮಾತನ್ನು ಕೇಳದವರು ಈಗ ನಮ್ಮ ಹಳ್ಳಿಗಳಲ್ಲಿಯೂ ವಿರಳ. ಅಕ್ಷರ ಬಾರದ ಮುದುಕಿಯರು ಸಹ ಅದನ್ನು ಡೈಲಿಸೀಸು ಎಂದು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದಾರೆ. ಮೂತ್ರಪಿಂಡಗಳು ಕೆಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧಿಮಾಡುವ ಚಿಕಿತ್ಸೆಗೆ ಆ ಹೆಸರು. ಆದರೆ ಆ ಹೆಸರನ್ನು ಮೊದಲು ವಿಜ್ಞಾನಕ್ಕೆ ಕೊಟ್ಟವನು ವೈದ್ಯನಾಗಿರಲಿಲ್ಲವೆಂಬ ಸಂಗತಿ ಬಹು ಮಂದಿಗೆ ತಿಳಿಯದು. ಅವನು ಸ್ಕಾಟ್ಲೆಂಡ್ ದೇಶದ ಒಬ್ಬ ರಸಾಯನಶಾಸ್ತ್ರಜ್ಞ. ಥಾಮಸ್ ಗ್ರಹಾಂ ಎಂದು ಆತನ ಹೆಸರು. ಆತನ ಜೀವಮಾನದಲ್ಲಿ ಡಯಾಲಿಸಿಸ್‌ನಿಂದ ಒಬ್ಬ ರೋಗಿಯೂ ಬದುಕಲಿಲ್ಲ. ಬದುಕಬಹುದೆಂದು ಯಾರೂ ಎಣಿಸಿಯೂ ಇರಲಿಲ್ಲ.

ನಾನು ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಐಚ್ಛಿಕ ವಿಷಯಗಳಾಗಿ ತೆಗೆದುಕೊಂಡವನು. ಆದುದರಿಂದ ರಸಾಯನಶಾಸ್ತ್ರದ ಮಾತು ಬರುವೆಡೆಗಳಲ್ಲಿ ಬಲ್ಲವರು ಸ್ವಲ್ಪ ಸೈರಿಸಿಕೊಳ್ಳಬೇಕು. ಈ ಮನುಷ್ಯನ ಚರಿತ್ರೆಯನ್ನು ನಾನೇಕೆ ಹುಡುಕಿಕೊಂಡು ಹೋದೆನೆಂಬುದನ್ನು ಮುಂದೆ ಹೇಳುತ್ತೇನೆ.

ಗ್ರಹಾಮನು ಹುಟ್ಟಿದುದು 1805ನೆಯ ಇಸವಿ ಡಿಸೆಂಬರಿನಲ್ಲಿ, ಗ್ಲಾಸ್ಗೋ ನಗರದಲ್ಲಿ. ಹತ್ತಿಯ ಗಿರಣಿಗಳೂ ಬಣ್ಣದ ಕಾರ್ಖಾನೆಗಳೂ ಹೊಗೆಕೊಳವೆಗಳೂ ಆ ಊರನ್ನು ತುಂಬುತ್ತಿದ್ದ ಕಾಲವದು. ಆತನ ತಂದೆ ಜೇಮ್ಸ್ ಗ್ರಹಾಂ ಬಟ್ಟೆ ತಯಾರಿಸಿ ಮಾರುವ ಉದ್ಯಮಿ; ಸಾಕಷ್ಟು ಅನುಕೂಲಸ್ಥ. ಮಗನು 1819ರಲ್ಲಿ, ಇನ್ನೂ ಹದಿನಾಲ್ಕು ತುಂಬುವ ಮೊದಲೇ, ಗ್ಲಾಸ್ಗೋ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಷ್ಟು ಎಳೆಯ ವಯಸ್ಸಿನಲ್ಲಿ ಸೇರುವುದು ಅಲ್ಲಿ ಆಗ ವಿಶೇಷವೇನೂ ಆಗಿರಲಿಲ್ಲ. ಮಗನು ಓದಿ ಸ್ಕಾಟ್ಲೆಂಡಿನ ಚರ್ಚಿನಲ್ಲಿ ಪಾದ್ರಿಯಾಗಬೇಕೆಂಬುದು ತಂದೆಯ ಸಂಕಲ್ಪ. ಪಾದ್ರಿಯ ಪದವಿಯೆಂದರೆ ಊರಿನಲ್ಲಿ ಗೌರವ, ಇರಲು ಮನೆ, ತಪ್ಪದ ವರಮಾನ.

ಆದರೆ ವಿಶ್ವವಿದ್ಯಾನಿಲಯದಲ್ಲಿ ಥಾಮಸ್ ಥಾಮ್ಸನ್ ಎಂಬ ಪ್ರಾಧ್ಯಾಪಕರು ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದರು. ಅವರ ಪಾಠಗಳನ್ನು ಕೇಳಿದ ಮೇಲೆ ಹುಡುಗನ ಮನಸ್ಸು ದೇವಶಾಸ್ತ್ರದ ಕಡೆಗೆ ತಿರುಗಲೇ ಇಲ್ಲ. ಎಂ.ಎ. ಪದವಿಯಾದ ಮೇಲೆ ಆತನು ಎಡಿನ್‌ಬರೋ ನಗರಕ್ಕೆ ಹೋಗಿ ಹೋಪ್ ಎಂಬ ಪ್ರಾಧ್ಯಾಪಕರ ಬಳಿ ಮತ್ತೆ ರಸಾಯನಶಾಸ್ತ್ರವನ್ನೇ ಅಭ್ಯಾಸಮಾಡಿದನು. ತಂದೆ ಮುನಿದನು, ಹಣ ಕಳುಹಿಸುವುದನ್ನು ನಿಲ್ಲಿಸಿಬಿಟ್ಟನು.

ಈ ಜಾಗಕ್ಕೆ ಬಂದಾಗ ನಾನು ಪುಸ್ತಕವನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಕುಳಿತೆ. ನಮ್ಮ ಮನೆಯಲ್ಲಿ ಏಳನೆಯ ತರಗತಿಯ ಆಚೆಗೆ ಓದಿದವರಿಲ್ಲ. ನಮ್ಮ ತಂದೆಯವರು ಗಾರೆ ಕೆಲಸದವರು. ನಾನು ಬಿ.ಎ.ಗೆ ಸೇರಿದಾಗ ಯಾವ ವಿಷಯವೆಂದು ಅವರು ಕೇಳಲಿಲ್ಲ. ಮುಗಿದ ಮೇಲೆ ಏನು ಕೆಲಸ ಸಿಗುತ್ತದೆಯೆಂದು ಮಾತ್ರ ಕೇಳಿದರು. ಆ ಗ್ಲಾಸ್ಗೋ ಉದ್ಯಮಿಯನ್ನು ಕಟುಕನೆಂದು ಚಿತ್ರಿಸುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. 1826ರ ಸುಮಾರಿನಲ್ಲಿ ರಸಾಯನಶಾಸ್ತ್ರವೆಂಬುದು ಅನ್ನ ಕೊಡುವ ವಿದ್ಯೆಯೆಂದು ಯಾರಿಗೆ ಗೊತ್ತಿತ್ತು? ಮಗನ ಹೊಟ್ಟೆಪಾಡಿನ ಚಿಂತೆ ಶ್ರೀಮಂತ ತಂದೆಗೂ ಬಡ ತಂದೆಗೂ ಒಂದೇ. ಆದರೆ ಹಣ ನಿಲ್ಲಿಸಿದ್ದು ಮಾತ್ರ ಹೆಚ್ಚಾಯಿತು. ನಮ್ಮ ತಂದೆಯವರು ಇದ್ದುದರಲ್ಲಿಯೇ ಕೊಟ್ಟರು.

ತಾಯಿ ಮತ್ತು ತಂಗಿ ಆತನ ಕೈಬಿಡಲಿಲ್ಲ. ಆತನು ಅವರಿಗೆ ತನ್ನ ಕೆಲಸದ ವಿಷಯವಾಗಿ ತಪ್ಪದೆ ಕಾಗದ ಬರೆಯುತ್ತಿದ್ದನು. ಲೇಖನಗಳನ್ನು ಬರೆದು ಮೊದಲ ಬಾರಿಗೆ ಕೈಗೆ ನಾಲ್ಕು ಕಾಸು ಬಂದಾಗ ಅದನ್ನು ತಾಯಿಗೂ ತಂಗಿಗೂ ಉಡುಗೊರೆ ಕೊಳ್ಳಲು ಖರ್ಚುಮಾಡಿದನೆಂದು ಆತನ ಚರಿತ್ರಕಾರರು ಹೇಳುತ್ತಾರೆ. ಊರಿಗೆ ಮರಳಿ ಮನೆಪಾಠ ಹೇಳಿ, ಚಿಕ್ಕದೊಂದು ಪ್ರಯೋಗಶಾಲೆ ಇಟ್ಟುಕೊಂಡು, ಕೂಲಿಕಾರರಿಗೂ ಕಸುಬುದಾರರಿಗೂ ಪಾಠ ಹೇಳುವ ಸಂಸ್ಥೆಯೊಂದರಲ್ಲಿ ಉಪನ್ಯಾಸಗಳನ್ನು ಕೊಟ್ಟು ಕಾಲ ಹಾಕಿದನು. 1830ರಲ್ಲಿ ಗ್ಲಾಸ್ಗೋದ ಆಂಡರ್ಸನ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. ಆಗ ಆತನಿಗೆ ವಯಸ್ಸು ಇನ್ನೂ 24.

ಈ ಆಂಡರ್ಸನ್ ಸಂಸ್ಥೆಯ ವಿಷಯವಾಗಿ ಎರಡು ಮಾತು ಹೇಳಲೇಬೇಕು. ಜಾನ್ ಆಂಡರ್ಸನ್ ಎಂಬ ಪ್ರಾಧ್ಯಾಪಕರು ಬರೆದಿಟ್ಟ ಮರಣಶಾಸನದಂತೆ 1796ರಲ್ಲಿ ಅದು ಸ್ಥಾಪಿತವಾಯಿತು. ಹಳೆಯ ವಿಶ್ವವಿದ್ಯಾನಿಲಯಗಳ ಬಾಗಿಲು ಯಾರಿಗೆ ತೆರೆಯುತ್ತಿರಲಿಲ್ಲವೋ ಅಂಥವರಿಗೆ ಉಪಯುಕ್ತ ವಿದ್ಯೆಯನ್ನು ಕಲಿಸುವುದು ಅದರ ಉದ್ದೇಶ. ಹಗಲೆಲ್ಲ ದುಡಿದವರು ಸಂಜೆ ಬಂದು ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದರು. ಗ್ರಹಾಮನ ಪಾಠ ಕೇಳಿದವರಲ್ಲಿ ಡೇವಿಡ್ ಲಿವಿಂಗ್‌ಸ್ಟನ್ ಒಬ್ಬನು. ಆಫ್ರಿಕಾ ಖಂಡವನ್ನು ಸುತ್ತಿದ ಆ ಮಹಾಪ್ರವಾಸಿಯೇ. ಅವನು ಹತ್ತು ವರ್ಷದ ಹುಡುಗನಾಗಿದ್ದಾಗಲೇ ಹತ್ತಿಯ ಗಿರಣಿಗೆ ಸೇರಿ, ಕೂಲಿಯನ್ನು ಉಳಿಸಿ ಕಾಲೇಜಿನ ಶುಲ್ಕ ಕಟ್ಟಿದವನು. ಇನ್ನೊಬ್ಬನು ಜೇಮ್ಸ್ ಯಂಗ್. ಮರಗೆಲಸದವನ ಮಗ. ಸಂಜೆಯ ಪಾಠಗಳಿಗೆ ಬರುತ್ತಿದ್ದ ಈ ಹುಡುಗನನ್ನು ಗ್ರಹಾಮನು ತನ್ನ ಸಹಾಯಕನನ್ನಾಗಿ ಮಾಡಿಕೊಂಡನು. ಮುಂದೆ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆ ತೆಗೆಯುವ ವಿಧಾನವನ್ನು ಕಂಡುಹಿಡಿದು ಇವನು ಬಹು ದೊಡ್ಡ ಶ್ರೀಮಂತನಾದನು. ಇವನ ಹೆಸರನ್ನು ವಾಚಕರು ನೆನಪಿಟ್ಟಿರಬೇಕು.

ಗ್ರಹಾಮನ ಜೀವಮಾನದ ಕೆಲಸವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗಿತು. ವಸ್ತುಗಳು ತಮ್ಮಷ್ಟಕ್ಕೆ ತಾವೇ ಹೇಗೆ ಹರಡುತ್ತವೆ? ದೇವರ ಮನೆಯಲ್ಲಿ ಸಾಂಬ್ರಾಣಿ ಹಾಕಿದರೆ ನಡುಮನೆಯವರೆಗೂ ವಾಸನೆ ಬರುತ್ತದೆ. ಗಾಳಿ ಬೀಸದಿದ್ದರೂ ಬರುತ್ತದೆ. ಇದನ್ನು ವಿಸರಣೆಯೆನ್ನುತ್ತಾರೆ. ಎಲ್ಲರೂ ಕಂಡದ್ದೇ, ಆದರೆ ಅಳೆದವರಿರಲಿಲ್ಲ. ಡೋಬರೈನರ್ ಎಂಬ ಜರ್ಮನ್ ವಿಜ್ಞಾನಿಯು ಬಿರುಕುಬಿಟ್ಟ ಗಾಜಿನ ಪಾತ್ರೆಯಲ್ಲಿಟ್ಟ ಜಲಜನಕವು ಹೊರಕ್ಕೆ ಹೋದಷ್ಟು ವೇಗವಾಗಿ ಹೊರಗಿನ ಗಾಳಿ ಒಳಕ್ಕೆ ಬಾರದಿರುವುದನ್ನು ನೋಡಿದ್ದನು. ಗ್ರಹಾಮನು ಆ ಬಿರುಕಿಗೆ ಬದಲಾಗಿ ಗಾಜಿನ ಕೊಳವೆಯ ಬಾಯಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಬಿರಡೆಯನ್ನು ಹಾಕಿ, ಒಂದೊಂದು ಅನಿಲವನ್ನೂ ತೆಗೆದುಕೊಂಡು ಅಳೆದನು. ಅನಿಲವು ಹರಡುವ ವೇಗ ಅದರ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆಂದು ಕಂಡಿತು. ಆಮ್ಲಜನಕ ಜಲಜನಕಕ್ಕಿಂತ 16 ಪಾಲು ಭಾರ. ಆದ್ದರಿಂದ ಜಲಜನಕವು 4 ಪಾಲು ವೇಗವಾಗಿ ಹರಡುತ್ತದೆ. 1833ರಲ್ಲಿ ಅಚ್ಚಾದ ಈ ನಿಯಮವನ್ನು ನಮ್ಮ ವಿಜ್ಞಾನ ವಿಭಾಗದ ಮಿತ್ರರು ಗ್ರಹಾಮನ ನಿಯಮವೆಂದು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾರೆ.

1837ರಲ್ಲಿ ಆತನಿಗೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು. 1841ರಲ್ಲಿ ಲಂಡನ್ನಿನ ರಸಾಯನ ಸಂಘವು ಸ್ಥಾಪಿತವಾದಾಗ ಆತನೇ ಮೊದಲ ಅಧ್ಯಕ್ಷ. ಆತನು ಬರೆದ ಪಠ್ಯಪುಸ್ತಕವನ್ನು ಬಹು ಮಂದಿ ಓದಿದರು. ವಾಗ್ಮಿಯೆಂದು ಆತನನ್ನು ಯಾರೂ ಹೊಗಳಲಿಲ್ಲ. ತಡವರಿಸಿ ಮಾತನಾಡುವ, ನಾಚಿಕೆಯ ಸ್ವಭಾವದ, ಅಷ್ಟೇನೂ ಗಟ್ಟಿಯಲ್ಲದ ಮೈಕಟ್ಟಿನ ಮನುಷ್ಯ. ಮದುವೆಯಾಗಲಿಲ್ಲ. ಇದಕ್ಕಿಂತ ಹೆಚ್ಚಿಗೆ ಆತನ ಖಾಸಗಿ ಜೀವನದಲ್ಲಿ ಕಥೆ ಹೇಳುವಂತಹುದು ಇಲ್ಲ.

ಅನಿಲಗಳಾದ ಮೇಲೆ ಆತನು ದ್ರವಗಳನ್ನು ಹಿಡಿದನು. ಉಪ್ಪಿನ ನೀರು ತುಂಬಿದ ಬಾಯಿ ತೆರೆದ ಸೀಸೆಯನ್ನು ದೊಡ್ಡ ಜಾಡಿಯ ತಿಳಿನೀರಿನಲ್ಲಿ ಅಲುಗಾಡದಂತೆ ಇಡುವುದು. ದಿನಗಟ್ಟಲೆ ಹಾಗೆಯೇ ಬಿಟ್ಟು, ಎಷ್ಟು ಉಪ್ಪು ಹೊರಗಿನ ನೀರಿಗೆ ಬಂದಿದೆಯೆಂದು ತೂಗುವುದು. ಆಮೇಲೆ ಸಕ್ಕರೆ, ಆಮೇಲೆ ಗೋಂದು, ಆಮೇಲೆ ಮೊಟ್ಟೆಯ ಬಿಳಿಯ ಲೋಳೆ. ಹೀಗೆ ವರ್ಷಗಳು. ನೋಡಿದವರಿಗೆ ಇದೆಂತಹ ಕೆಲಸವೆನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಲೆಕ್ಕ ನೋಡಿ: ಹೈಡ್ರೋಕ್ಲೋರಿಕ್ ಆಮ್ಲವು ಇಂತಿಷ್ಟು ಹರಡಲು 1 ಪಾಲು ಕಾಲ ಬೇಕಾದರೆ ಅಷ್ಟೇ ಹರಡಲು ಅಡಿಗೆಯ ಉಪ್ಪಿಗೆ 2.33, ಸಕ್ಕರೆಗೆ 7, ಮೊಟ್ಟೆಯ ಲೋಳೆಯಲ್ಲಿರುವ ಅಲ್ಬುಮಿನ್‌ಗೆ 49, ಕಾಯಿಸಿ ಕಪ್ಪಾದ ಸಕ್ಕರೆಗೆ 98 ಪಾಲು ಕಾಲ ಹಿಡಿಯುತ್ತದೆ. ಅಂದರೆ ವಸ್ತುಗಳಲ್ಲಿ ಎರಡು ಕುಲಗಳಿವೆಯೆಂದು ಆತನು ತಿಳಿದನು. ಉಪ್ಪು, ಸಕ್ಕರೆಗಳಂತೆ ಹರಳುಗಟ್ಟುವಂತಹವು ಬೇಗ ಚಲಿಸುತ್ತವೆ. ಗೋಂದು, ಅಲ್ಬುಮಿನ್‌ಗಳಂತೆ ಲೋಳೆಯಾಗುವಂತಹವು ನಿಧಾನ. ಅಂಟು ಎಂಬರ್ಥದ ಗ್ರೀಕ್ ಶಬ್ದದಿಂದ ಈ ಎರಡನೆಯವಕ್ಕೆ ಕೊಲಾಯ್ಡ್ ಎಂದು ಹೆಸರಿಟ್ಟನು. ಕನ್ನಡದಲ್ಲಿ ಕಲಿಲ ಎನ್ನುತ್ತಾರೆ.

1855ರಲ್ಲಿ ಗ್ರಹಾಮನು ಬ್ರಿಟನ್ನಿನ ಟಂಕಸಾಲೆಯ ಮುಖ್ಯಾಧಿಕಾರಿಯಾದನು. ಹಿಂದೆ ನ್ಯೂಟನ್ ಮಹಾಶಯನು ಕುಳಿತಿದ್ದ ಪೀಠವದು. ನಾಣ್ಯಗಳ ವ್ಯವಹಾರದಲ್ಲಿ ಕೆಲವು ವರ್ಷ ಸಂಶೋಧನೆ ಹಿಂದೆ ಬಿತ್ತು. ಬಳಿಕ 1861ರಲ್ಲಿ, ಐವತ್ತೈದು ವರ್ಷ ವಯಸ್ಸಿನಲ್ಲಿ, ದ್ರವಗಳ ವಿಸರಣೆಯಿಂದ ವಸ್ತುಗಳನ್ನು ಬೇರ್ಪಡಿಸುವ ವಿಧಾನವನ್ನು ಕುರಿತು ರಾಯಲ್ ಸೊಸೈಟಿಗೆ ದೊಡ್ಡದೊಂದು ಪ್ರಬಂಧವನ್ನು ಒಪ್ಪಿಸಿದನು. ಡಯಾಲಿಸಿಸ್ ಎಂಬ ಹೆಸರು ಈಗಿನ ಅರ್ಥದಲ್ಲಿ ಬಂದುದು ಅದರಲ್ಲಿಯೇ. ಬಿಡಿಸಿ ಬೇರೆಮಾಡುವುದೆಂದು ಆ ಗ್ರೀಕ್ ಮಾತಿನ ಭಾವ.

ಆತನ ಉಪಕರಣ ಇಷ್ಟೆ. ಗಟಪರ್ಚ ಎಂಬ ಮರದ ಹಾಲಿನಿಂದ ಮಾಡಿದ ಒಂದು ಬಳೆ. ನಮ್ಮ ಜರಡಿಯ ಸುತ್ತುಪಟ್ಟಿಯಂತೆ. ಜರಡಿಯ ಬಲೆಯಿರುವ ಜಾಗದಲ್ಲಿ ಪಾರ್ಚ್‌ಮೆಂಟ್ ಕಾಗದವನ್ನು ತಮಟೆಯ ಚರ್ಮದಂತೆ ಬಿಗಿದಿರುತ್ತದೆ. ಸಾಮಾನ್ಯ ಕಾಗದವನ್ನು ಗಂಧಕಾಮ್ಲದಲ್ಲಿ ಕ್ಷಣಕಾಲ ಅದ್ದಿ ತೊಳೆದರೆ ಈ ಕಾಗದವಾಗುತ್ತದೆ. ಈ ಜರಡಿಯೊಳಗೆ ಪರೀಕ್ಷಿಸಬೇಕಾದ ದ್ರವವನ್ನು ತೆಳ್ಳಗೆ ಸುರಿದು, ಅಗಲವಾದ ಪಾತ್ರೆಯ ನೀರಿನ ಮೇಲೆ ತೇಲಿಬಿಡಬೇಕು. ಹರಳಾಗುವ ವಸ್ತುಗಳು ಕಾಗದವನ್ನು ದಾಟಿ ಕೆಳಗಿನ ನೀರಿಗೆ ಇಳಿಯುತ್ತವೆ. ಕಲಿಲಗಳು ಮೇಲೆಯೇ ನಿಲ್ಲುತ್ತವೆ. ಜರಡಿ ಹಿಡಿದವರು ಅಲ್ಲಾಡಿಸಬೇಕು. ಇದನ್ನು ಯಾರೂ ಅಲ್ಲಾಡಿಸಬೇಕಾಗಿಲ್ಲ. ದಟ್ಟವಾಗಿರುವ ಕಡೆಯಿಂದ ತೆಳುವಾಗಿರುವ ಕಡೆಗೆ ವಸ್ತುವು ತಾನಾಗಿಯೇ ಹೋಗುತ್ತದೆ. ವಿಷಪ್ರಯೋಗದ ಅನುಮಾನವಿದ್ದಲ್ಲಿ ಆಹಾರದ ಲೋಳೆಯಿಂದ ಪಾಷಾಣವನ್ನು ಬೇರ್ಪಡಿಸಲು ಈ ಉಪಾಯ ಒದಗುತ್ತದೆಂದು ಆತನು ತೋರಿಸಿದನು.

ಅದೇ ಪ್ರಬಂಧದಲ್ಲಿ ಇನ್ನೊಂದು ಪುಟ್ಟ ಪ್ರಯೋಗವಿದೆ. ಅರ್ಧ ಲೀಟರ್ ಮೂತ್ರವನ್ನು ಇಪ್ಪತ್ತನಾಲ್ಕು ಗಂಟೆಗಳ ಕಾಲ ಹೀಗೆ ತೇಲಿಬಿಟ್ಟು, ಕೆಳಗಿನ ನೀರನ್ನು ಆವಿಮಾಡಿದಾಗ ಬಿಳಿಯ ಉಪ್ಪಿನಂತಹ ಗಷ್ಟು ಉಳಿಯಿತು. ಅದನ್ನು ಮದ್ಯಸಾರದಲ್ಲಿ ಕರಗಿಸಿ ತೆಗೆದಾಗ ಶುದ್ಧವಾದ ಯೂರಿಯಾ ಹರಳುಗಳು ಗೊಂಚಲು ಗೊಂಚಲಾಗಿ ಕುಳಿತುವು. ನಾವು ಚೀಲಗಟ್ಟಲೆ ಹೊಲಕ್ಕೆ ಎರಚುವ ಯೂರಿಯಾವೇ ಅದು. ನಮ್ಮ ದೇಹವು ಅದನ್ನು ದಿನವೂ ತಯಾರಿಸಿ, ಮೂತ್ರಪಿಂಡಗಳ ಮೂಲಕ ಹೊರಹಾಕುತ್ತದೆ.

ಈಗ ಸೋಜಿಗವನ್ನು ನೋಡಿ. ಮೂತ್ರಪಿಂಡಗಳಿಲ್ಲದ ಪ್ರಾಣಿಯ ರಕ್ತದಲ್ಲಿ ಯೂರಿಯಾ ಕೂಡಿಕೊಳ್ಳುತ್ತದೆಂದು ಪ್ರೆವೋಸ್ಟ್ ಮತ್ತು ಡ್ಯೂಮಾ ಎಂಬಿಬ್ಬರು 1821ರಲ್ಲಿಯೇ ತೋರಿಸಿದ್ದರು. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಎಂಬ ವೈದ್ಯರು 1827ರಲ್ಲಿ ಮೂತ್ರಪಿಂಡಗಳು ಕೆಟ್ಟ ರೋಗಿಗಳ ವರ್ಣನೆಯನ್ನು ಪ್ರಕಟಿಸಿದ್ದರು. ರೋಗಿಯ ಮೂತ್ರವನ್ನು ಚಮಚದಲ್ಲಿ ಹಿಡಿದು ದೀಪದ ಉರಿಗೆ ಕಾಯಿಸಿದರೆ ಅಲ್ಬುಮಿನ್ ಹೆಪ್ಪುಗಟ್ಟುತ್ತಿತ್ತು. ಗ್ರಹಾಮನ ಮಾತಿನಲ್ಲಿ ಹೇಳುವುದಾದರೆ, ಉಳಿಯಬೇಕಾದ ಕಲಿಲ ಹೊರಗೆ ಸೋರುತ್ತಿತ್ತು. ಹೋಗಬೇಕಾದ ಹರಳು ಒಳಗೆ ನಿಲ್ಲುತ್ತಿತ್ತು. ರೋಗ ಗೊತ್ತಿತ್ತು, ಕೂಡಿಕೊಂಡ ವಸ್ತು ಗೊತ್ತಿತ್ತು, ಆ ವಸ್ತುವನ್ನು ಬೇರ್ಪಡಿಸುವ ಕಾಗದವೂ ಅದೇ ಊರಿನಲ್ಲಿಯೇ ದೊರೆಯಿತು. ಆದರೂ ಇವನ್ನು ಕೂಡಿಸಿ ನೋಡಿದವರಿಲ್ಲ. ಬ್ರೈಟರು 1858ರಲ್ಲಿಯೇ ತೀರಿಕೊಂಡಿದ್ದರು. ಗ್ರಹಾಮನು ರೋಗಿಗಳ ಸಂಕಟವನ್ನು ಕಂಡು ಮರುಗಿ ಡಯಾಲಿಸಿಸ್ ಕಂಡುಹಿಡಿದನೆಂಬಂತೆ ಯಾರಾದರೂ ಬರೆದರೆ ಅದು ಭಕ್ತಿಯ ಅತಿರೇಕವಷ್ಟೆ. ಆತನಿಗೆ ಮೂತ್ರವೂ ಒಂದೇ, ಗೋಂದಿನ ನೀರೂ ಒಂದೇ. ಹರಡುವುದು ಹೇಗೆಂದು ತಿಳಿಯಬೇಕಾಗಿತ್ತು, ತಿಳಿದನು.

ನಾನು ಈ ವಿಷಯಕ್ಕೆ ಬಂದುದು ನನ್ನ ಸೋದರಮಾವನಿಂದ. ಅವರು ತೆಂಗಿನಮರ ಹತ್ತಿ ಕಾಯಿ ಕೀಳುವ ಕೆಲಸದವರು. ಹೈಸ್ಕೂಲಿನಲ್ಲಿ ನನ್ನ ಪುಸ್ತಕಗಳನ್ನು ಕೊಡಿಸಿದವರು ಅವರೇ. ಈಗ ಎರಡು ವರ್ಷದಿಂದ ವಾರಕ್ಕೆ ಎರಡು ಸಲ ಮೊದಲನೆಯ ಬಸ್ಸಿಗೆ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಜೊತೆಗೆ ಹೋಗುವ ಸರದಿ ಹೆಚ್ಚಾಗಿ ನನ್ನದು. ಅವರ ಎಡಗೈಯಲ್ಲಿ ರಕ್ತನಾಳಗಳನ್ನು ಜೋಡಿಸಿದ ಕಡೆ ಬೆರಳಿಟ್ಟರೆ ಜುಮ್ಮೆಂದು ಅದುರುತ್ತದೆ. ನಾಲ್ಕು ಗಂಟೆ ಮಲಗಿರಬೇಕು. ಒಂದೊಂದು ದಿನ ನೀರು ಶುದ್ಧಿಮಾಡುವ ಯಂತ್ರ ಕೆಟ್ಟಿರುತ್ತದೆ. ಆಗ ಸಂಜೆಯವರೆಗೆ ಕಾಯುವುದು. ದಿನಕ್ಕೆ ಇಷ್ಟೇ ನೀರೆಂದು ಲೋಟದಲ್ಲಿ ಅಳೆದು ಕುಡಿಯಬೇಕು. ಎಳನೀರಂತೂ ಮುಟ್ಟುವ ಹಾಗಿಲ್ಲ. ಅದರ ಪೊಟ್ಯಾಸಿಯಂ ಅಂಶ ಹೃದಯಕ್ಕೆ ಅಪಾಯ. ಸಾವಿರಾರು ಎಳನೀರು ಕಿತ್ತಿಳಿಸಿದ ಮನುಷ್ಯ.

ಒಂದು ದಿನ ಮಾವ ಯಂತ್ರಕ್ಕೆ ಸಿಕ್ಕಿಸಿದ್ದ ಬಿಳಿಯ ಕೊಳವೆಯನ್ನು ತೋರಿಸಿ, ನೀನು ಇಷ್ಟು ಓದಿದ್ದೀಯಲ್ಲ ಅಳಿಯ, ಇದರೊಳಗೆ ಏನು ನಡೆಯುತ್ತದೆಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಲ್ಲಿಯ ಟೆಕ್ನಿಷಿಯನ್ ವಿವರಿಸಿದರು. ಅದರೊಳಗೆ ಕೂದಲೆಳೆಯಷ್ಟು ಸಣ್ಣ ಪೊಳ್ಳು ಎಳೆಗಳು ಹತ್ತು ಸಾವಿರದಷ್ಟಿವೆ. ಎಳೆಯೊಳಗೆ ರಕ್ತ ಒಂದು ದಿಕ್ಕಿಗೆ, ಹೊರಗೆ ಲವಣಗಳನ್ನು ಹದವಾಗಿ ಬೆರೆಸಿದ ನೀರು ಎದುರು ದಿಕ್ಕಿಗೆ ಹರಿಯುತ್ತವೆ. ರಕ್ತದಲ್ಲಿರುವಷ್ಟೇ ಉಪ್ಪು ಆ ನೀರಿನಲ್ಲಿಯೂ ಇರುವುದರಿಂದ ಬೇಕಾದ ಉಪ್ಪು ಸೋರಿಹೋಗುವುದಿಲ್ಲ. ಯೂರಿಯಾ ಅಲ್ಲಿಲ್ಲದಿರುವುದರಿಂದ ಅದು ದಾಟಿಬರುತ್ತದೆ. ಒಂದು ಸಲಕ್ಕೆ ಸುಮಾರು 120 ಲೀಟರ್ ನೀರು. ಎಳೆಯ ಗೋಡೆಯೇ ಗ್ರಹಾಮನ ಕಾಗದ. ಮರುದಿನ ನಾನು ಗ್ರಂಥಾಲಯಕ್ಕೆ ಹೋದೆ.

ಕಾಗದದಿಂದ ಈ ಕೊಳವೆಗೆ ಬರಲು ಏಕೆ ಅಷ್ಟು ಕಾಲ ಹಿಡಿಯಿತು? ರಕ್ತವು ದೇಹದಿಂದ ಹೊರಬಂದೊಡನೆ ಹೆಪ್ಪುಗಟ್ಟುತ್ತದೆ. 1913ರಲ್ಲಿ ಅಮೆರಿಕಾದ ಜಾನ್ ಏಬೆಲ್ ಮತ್ತು ಸಂಗಡಿಗರು ಜಿಗಣೆಗಳಿಂದ ತೆಗೆದ ಸತ್ವದಿಂದ ಹೆಪ್ಪನ್ನು ತಡೆದು, ಪ್ರಾಣಿಗಳ ರಕ್ತವನ್ನು ತೆಳು ಕೊಳವೆಗಳಲ್ಲಿ ಹಾಯಿಸಿದರು. 1924ರಲ್ಲಿ ಜರ್ಮನಿಯ ಗೀಸನ್ ಎಂಬ ಊರಿನಲ್ಲಿ ಗೇಯೋರ್ಗ್ ಹಾಸ್ ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗಿಸಿದರು. ಹದಿನೈದು ನಿಮಿಷ ಮಾತ್ರ. ಹೆಪಾರಿನ್ ಎಂಬ ಔಷಧವೂ ಸೆಲೊಫೇನ್ ಹಾಳೆಯೂ ಬಂದ ಮೇಲೆ, 1943ರಲ್ಲಿ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಸಣ್ಣ ಊರಿನಲ್ಲಿ ವಿಲೆಮ್ ಕೋಲ್ಫ್ ಎಂಬ ಯುವಕ ವೈದ್ಯರು ಮಾಂಸದ ಸಾಸೇಜ್ ತುಂಬುವ ಸೆಲೊಫೇನ್ ಕೊಳವೆಯನ್ನು ಉರುಳೆಗೆ ಸುತ್ತಿ ತೊಟ್ಟಿಯಲ್ಲಿ ತಿರುಗಿಸಿದರು. ಮೊದಲ ರೋಗಿಗಳು ಹೆಚ್ಚುಕಡಮೆ ಎಲ್ಲರೂ ಸತ್ತರು. 1945ರ ಸೆಪ್ಟೆಂಬರಿನಲ್ಲಿ 67 ವರ್ಷದ ಹೆಂಗಸೊಬ್ಬಳು ಮೂರ್ಛೆಯಿಂದ ಎದ್ದು ಕುಳಿತಳು. ಗ್ರಹಾಮನ ಪ್ರಬಂಧದಿಂದ ಅಲ್ಲಿಗೆ 84 ವರ್ಷ. ಆದರೂ ಪ್ರತಿ ಸಲ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಮೂತ್ರಪಿಂಡ ಪೂರ್ತಿ ಕೆಟ್ಟವರಿಗೆ ಇದು ದಕ್ಕುತ್ತಿರಲಿಲ್ಲ. 1960ರಲ್ಲಿ ಸಿಯಾಟಲ್ ನಗರದ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯಲ್ಲಿಯೇ ಉಳಿಯುವ ಟೆಫ್ಲಾನ್ ನಳಿಗೆಯನ್ನು ಅಳವಡಿಸಿದರು. ಅವರ ಮೊದಲ ರೋಗಿಯಾದ ಕ್ಲೈಡ್ ಶೀಲ್ಡ್ಸ್ ಎಂಬ ಕಾರ್ಖಾನೆಯ ಕೆಲಸಗಾರನು ಮತ್ತೆ 11 ವರ್ಷ ಬದುಕಿದನು. ನಮ್ಮಲ್ಲಿ ಬಡವರಿಗೆ ಉಚಿತವಾಗಿ ಈ ಚಿಕಿತ್ಸೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿತು. ಅದಕ್ಕೆ ಹಿಂದೆ ನನ್ನ ಮಾವನಂತಹವರು ಏನು ಮಾಡುತ್ತಿದ್ದರೆಂಬುದನ್ನು ನಮ್ಮ ಊರಿನವರು ಬಲ್ಲರು.

ಗ್ರಹಾಮನಿಗೆ ಇದಾವುದೂ ತಿಳಿಯದು. 1862ರಲ್ಲಿ ರಾಯಲ್ ಸೊಸೈಟಿಯು ಆತನಿಗೆ ಕೋಪ್ಲೆ ಪದಕವನ್ನು ಕೊಟ್ಟಿತು. ಕಡೆಯ ವರ್ಷಗಳಲ್ಲಿ ಆತನು ಪಲ್ಲೇಡಿಯಂ ಎಂಬ ಲೋಹವು ತನ್ನ ಗಾತ್ರದ ನೂರಾರು ಪಾಲು ಜಲಜನಕವನ್ನು ಹೀರಿಕೊಳ್ಳುವ ವಿಚಿತ್ರವನ್ನು ಪರೀಕ್ಷಿಸುತ್ತಿದ್ದನು. ಟಂಕಸಾಲೆಯ ಕೆಲಸವನ್ನೂ ಬಿಡಲಿಲ್ಲ. 1869ರ ಸೆಪ್ಟೆಂಬರ್ 16ರಂದು ಲಂಡನ್ನಿನ ತನ್ನ ಮನೆಯಲ್ಲಿ ಕಾಲವಾದನು. ಅವನ ಬಳಿಕ ಟಂಕಸಾಲೆಯ ಆ ಪದವಿಯನ್ನು ಪ್ರತ್ಯೇಕವಾಗಿ ಯಾರಿಗೂ ಕೊಡದೆ ಅರ್ಥಸಚಿವರ ಹುದ್ದೆಯೊಂದಿಗೆ ಸೇರಿಸಿದರು. ಆತನ ದೇಹವನ್ನು ಗ್ಲಾಸ್ಗೋ ನಗರಕ್ಕೆ ಒಯ್ದು ಅಲ್ಲಿಯ ಕೆಥೆಡ್ರಲ್‌ನಲ್ಲಿ ಹೂಳಿದರು. ಮೂರು ವರ್ಷಗಳ ಬಳಿಕ, 1872ರಲ್ಲಿ, ಆ ನಗರದ ಜಾರ್ಜ್ ಚೌಕದಲ್ಲಿ ಕುರ್ಚಿಯ ಮೇಲೆ ಕುಳಿತ ಗ್ರಹಾಮನ ಕಂಚಿನ ವಿಗ್ರಹವನ್ನು ನಿಲ್ಲಿಸಿದರು. ಅದರ ವೆಚ್ಚವನ್ನೆಲ್ಲ ವಹಿಸಿದವನು ಮರಗೆಲಸದವನ ಮಗ ಜೇಮ್ಸ್ ಯಂಗ್.